ಹೆಸರು ಕರೆಯದ ಹೆಂಗಸು

ನಾನೂ ಗಂಡನೂ ಪ್ರವಾಸ ಹೋಗಿ ಇಳಿದುಕೊಂಡಿದ್ದ, ಮಳೆಕಾಡಿನ ಬುಡಕಟ್ಟಿನವರೇ ನಡೆಸುವ ವಸತಿಯಲ್ಲಿ ನಮಗೆ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊಟ ತಯಾರಾದರೆ ಸೌಟಿನಿಂದ ಕಂಬ ಬಡಿಯುತ್ತಿದ್ದಳು. ನನ್ನೊಬ್ಬಳನ್ನೇ ಕರೆಯಬೇಕಾದರೆ ಹತ್ತಿರ ಬಂದು ಸೆರಗು ಎಳೆಯುತ್ತಿದ್ದಳು. "ಇಲ್ಲಿ ಹೆಸರು ಕೂಗಬೇಡಿ, ಕಾಡು ಕಲಿತುಬಿಡ್ತದೆ" ಅನ್ನುವುದು ಅವಳ ಮಾತು.

ನಮ್ಮ ಮನೆಯವರು ಸಿರುಗುಪ್ಪದ ಕಡೆ ಭತ್ತದ ಗದ್ದೆಗಳಲ್ಲಿ ಬೆಳೆದವರು. ಅವರಿಗೆ ಕೂಗಿಯೇ ಮಾತಾಡಿ ರೂಢಿ. "ಕಲಿಯಾಕ ಕಾಡೇನು ಸಾಲಿಗಿ ಹೋಗತೈತೇನ್ರಿ?" ಎಂದು ನಕ್ಕು, ಹಳ್ಳದ ಆಚೆ ದಡಕ್ಕೆ ಹೋಗಿ ಬೇಕೆಂದೇ ನನ್ನ ಹೆಸರು ಹಿಡಿದು ಕೂಗಿದರು: "ಜುಬೇದಾ, ಲಗೂನ ಬಾ." ಮತ್ತೆ ಮತ್ತೆ ಕೂಗಿದರು. ಅಡುಗೆಯವಳು ನಗಲಿಲ್ಲ. ಒಲೆಯ ಮುಂದಿನಿಂದ ಎದ್ದು, ಕಾಡಿನ ಕಡೆಯ ಬಾಗಿಲು ಮುಚ್ಚಿದಳು.

ಮರುವರ್ಷ ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಅಂಗಡಿಯಲ್ಲೇ ಅವರ ಎದೆಬಡಿತ ನಿಂತುಹೋಯಿತು. ದುಃಖ ಸ್ವಲ್ಪ ಹಗುರಾದ ಮೇಲೆ ನಾನು ಒಬ್ಬಳೇ ಮತ್ತೆ ಆ ವಸತಿಗೆ ಹೋದೆ. ಅಲ್ಲಿ ನಕ್ಕಷ್ಟು ಅವರು ಬಳ್ಳಾರಿಯಲ್ಲಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಸುದ್ದಿ ಹೇಳಿದಾಗ ಅಡುಗೆಯವಳು ನನ್ನ ಕೈ ಹಿಡಿದುಕೊಂಡಳು. "ನೀವು ಬರಬಾರದಿತ್ತು" ಎಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಹಳ್ಳದ ಆಚೆಯಿಂದ ದನಿ ಬಂತು.

"ಜುಬೇದಾ, ಲಗೂನ ಬಾ."

ಅವರದೇ ದನಿ. ಕೊನೆಯಲ್ಲಿ ಅವರದೇ ನಗು.

ಓಗೊಡಲು ಬಾಯಿ ತೆರೆದೆ. ಒಲೆಯ ಹೊಗೆ ವಾಸನೆಯ ಅಂಗೈ ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು.

"ಬೇಡ," ಎಂದು ಅವಳು ಕಿವಿಯಲ್ಲಿ ಪಿಸುಗುಟ್ಟಿದಳು. "ನಿಮ್ಮ ದನಿಯನ್ನ ಕಾಡು ಇನ್ನೂ ಕಲಿತಿಲ್ಲ."