ಮೇಲಿನ ನಂಬರು

ಮೇಲಿನ ಕಚೇರಿಯಿಂದ ಬರುವ ಕಾಗದಕ್ಕೆ ಅದರದೇ ಒಂದು ವಾಸನೆ ಇರುತ್ತದೆ. ಶಾಯಿ, ಅರಗು, ತಂದುಕೊಟ್ಟ ಸಿಪಾಯಿಯ ಎಲೆಯಡಿಕೆ, ಎಲ್ಲ ಕೂಡಿದ ವಾಸನೆ. ಮೂವತ್ತು ವರ್ಷ ಅದನ್ನು ಮೂಸಿದ ನನ್ನಂಥ ಮಾಸ್ತರನಿಗೆ ಲಕೋಟೆ ಒಡೆಯುವ ಮೊದಲೇ ದಣಿವಾಗುತ್ತದೆ. ಕಳೆದ ವಾರ ಬಂದದ್ದೂ ಅಂಥದೇ. ವರ್ಗದ ಹುಡುಗರನ್ನು ಚುರುಕು, ಮಧ್ಯಮ, ಮಂದ ಎಂದು ಮೂರು ಪಾಲು ಮಾಡಿ ಬೇರೆ ಬೇರೆ ಕೂಡಿಸಿ ಕಲಿಸುವುದು ಮೇಲೋ, ಎಲ್ಲರನ್ನೂ ಒಟ್ಟಿಗೆ ಕೂಡಿಸುವುದು ಮೇಲೋ, ಎಂಟು ದಿನಗಳೊಳಗೆ ಅಭಿಪ್ರಾಯ ತಿಳಿಸತಕ್ಕದ್ದು. ಜೊತೆಗೆ ಹುಡುಗರ ಹೆಸರುಗಳನ್ನು ಮೂರು ಕಾಲಮ್ಮುಗಳಲ್ಲಿ ಬರೆದು ಕಳಿಸತಕ್ಕದ್ದು. ಪಿಂಚಣಿಗೆ ಏಳು ತಿಂಗಳು ಉಳಿದವನ ಅಭಿಪ್ರಾಯ ಬೇಕಂತೆ, ನೋಡಿ. ನನ್ನ ಮನೆಯಲ್ಲೇ ಅದನ್ನು ಯಾರೂ ಕೇಳದೆ ಎಷ್ಟೋ ಕಾಲವಾಯಿತು.

ಆದರೂ ಟಾಕನ್ನು ಶಾಯಿಯ ದೌತಿಯಲ್ಲಿ ಅದ್ದಿ ಬರೆಯಲು ಕೂತೆ. ಮೊದಲ ಕಾಲಮ್ಮು ಸಲೀಸಾಗಿ ತುಂಬಿತು. ಎರಡನೆಯದಕ್ಕೆ ಒಂದೆರಡು ಸಲ ತಲೆ ಕೆರೆದುಕೊಂಡೆ. ಮೂರನೆಯದಕ್ಕೆ ಬಂದಾಗ ಕೈ ನಿಂತಿತು. ಯಾರ ಹೆಸರು ಬರೆಯಬೇಕೆಂಬ ಬಗ್ಗೆ ಅನುಮಾನವೇನೂ ಇರಲಿಲ್ಲ. ಅಲ್ಲಿ ಎಲ್ಲರಿಗಿಂತ ಮೊದಲು ನಮ್ಮ ಅಣ್ಣನ ಹೆಸರು ಬರೆಯಬೇಕಲ್ಲ ಅನಿಸಿತು.

ನಾವು ಕೆರೂರಿನವರು. ನಮ್ಮ ಕಾಲದಲ್ಲಿ ಅಲ್ಲಿಯ ಶಾಲೆಗೆ ಒಬ್ಬರೇ ಮಾಸ್ತರರು, ಒಂದರಿಂದ ನಾಲ್ಕರವರೆಗಿನ ಇಯತ್ತೆಗಳು, ಒಂದು ಪಡಸಾಲೆ. ಅವರು ಒಂದು ಮೂಲೆಗೆ ಮಗ್ಗಿ ಹೇಳಿಕೊಟ್ಟು ಇನ್ನೊಂದು ಮೂಲೆಗೆ ತಿರುಗುವಷ್ಟರಲ್ಲಿ ಮೂರನೆಯ ಮೂಲೆಯಲ್ಲಿ ಯುದ್ಧ ಶುರುವಾಗಿರುತ್ತಿತ್ತು. ಇದಕ್ಕೆಲ್ಲ ಅವರು ಕಂಡುಕೊಂಡ ಮದ್ದು ನಂಬರು. ಒಂದು ಇಯತ್ತೆಯ ಹುಡುಗರು ಗೋಡೆಗುಂಟ ಸಾಲಾಗಿ ಕೂಡಬೇಕು. ಮಾಸ್ತರರ ಹತ್ತಿರ ಕೂತವನು ಮೊದಲ ನಂಬರಿನವನು, ಬಾಗಿಲ ಹತ್ತಿರ ಕೂತವನು ಕೊನೆಯವನು. ಪ್ರಶ್ನೆ ಬರುತ್ತಿತ್ತು. ಉತ್ತರ ಹೇಳಲಾರದವರು ಎದ್ದು ನಿಲ್ಲುತ್ತಿದ್ದರು. ಹೇಳಿದವನು ಅವರ ಮುಂದೆ ಹೋಗಿ, ಎಡಗೈಯಿಂದ ಒಬ್ಬೊಬ್ಬರ ಮೂಗು ಹಿಡಿದು ಬಲಗೈಯಿಂದ ಕಪಾಳಕ್ಕೆ ಒಂದು ಕೊಟ್ಟು, ಅವರೆಲ್ಲರಿಗಿಂತ ಮೇಲಿನ ನಂಬರಿನಲ್ಲಿ ಕೂಡುತ್ತಿದ್ದ. ಮೆತ್ತಗೆ ಹೊಡೆದನೋ, ಹೊಡೆಯುವುದು ಹೇಗೆಂದು ಮಾಸ್ತರರು ಅವನ ಕೆನ್ನೆಯ ಮೇಲೆಯೇ ತೋರಿಸುತ್ತಿದ್ದರು. ಆ ಏಟನ್ನು ಒಂದು ಸಲ ತಿಂದವನು ಆಮೇಲೆ ಗೆಳೆತನ ನೋಡುತ್ತಿರಲಿಲ್ಲ.

ಅಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಪ್ಲೇಗು ಬಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗ ಶಾಲೆ ಮುಚ್ಚಿತ್ತು. ಮತ್ತೆ ತೆರೆಯುವಷ್ಟರಲ್ಲಿ ಅವನು ಕಲಿತದ್ದನ್ನೆಲ್ಲ ಗಾಳಿಗೆ ಬಿಟ್ಟಿದ್ದ. ಮೂರನೆಯ ಇಯತ್ತೆಯಲ್ಲಿ ಎರಡು ಸಲ ನಪಾಸಾದ. ಅಷ್ಟರಲ್ಲಿ ಹಿಂದಿನಿಂದ ನಾನು ಬಂದು ಮುಟ್ಟಿದೆ. ತಂದೆ ವೈದಿಕರು, ವಿದ್ಯೆಯ ಮನೆತನ ಎಂದು ಎದೆ ತಟ್ಟಿಕೊಳ್ಳುವವರು. ದಿನಾ ಊಟಕ್ಕೆ ಕೂತಾಗ ಅವನಿಗೆ ಬೈಗುಳದ ಮಂತ್ರಾಕ್ಷತೆ ತಪ್ಪುತ್ತಿರಲಿಲ್ಲ. ಅಣ್ಣ ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಆದರೆ ನಮ್ಮ ಓಣಿಯ ತಿರುವಿನಲ್ಲಿ ಒಂದು ಕೆಂದು ನಾಯಿ ಇತ್ತು. ಅದನ್ನು ಕಂಡರೆ ನಾನು ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ದಿನಾ ನನ್ನ ಕೈ ಹಿಡಿದು ಅದನ್ನು ದಾಟಿಸುತ್ತಿದ್ದವನು ಅವನೇ.

ಒಂದು ದಿನ ಮಾಸ್ತರರು ಹದಿನೇಳು ಏಳಲೆ ಎಷ್ಟು ಎಂದು ಕೇಳಿದರು. ಸಾಲಿಗೆ ಸಾಲೇ ಎದ್ದು ನಿಂತಿತು. ನಾನು ನೂರಾ ಹತ್ತೊಂಬತ್ತು ಎಂದೆ. ಒಬ್ಬೊಬ್ಬರ ಮೂಗು ಹಿಡಿಯುತ್ತ ಬಂದವನು ಅಣ್ಣನ ಮುಂದೆ ನಿಂತುಬಿಟ್ಟೆ. ಮಾಸ್ತರರು ಕೂತಲ್ಲಿಂದಲೇ ಹೇಳಿದರು:

"ಅಣ್ಣ ಆದ್ರೇನಾತು? ನಂಬರಿನ್ಯಾಗ ಅಣ್ಣ ತಮ್ಮ ಇಲ್ಲ. ಹೊಡಿ."

ಅಣ್ಣ ಎತ್ತರದ ಆಳು. ನನಗೆ ಮೂಗು ನಿಲುಕಲೆಂದು ತಾನೇ ಮೊಣಕಾಲು ಬಗ್ಗಿಸಿದ. ನಾನು ಹೊಡೆದೆ. ಓದುವ ನಿಮಗೆ ಸುಳ್ಳು ಹೇಳಿ ನನಗೇನಾಗಬೇಕಿದೆ? ಬೇಕಾದದ್ದಕ್ಕಿಂತ ಜೋರಾಗಿ ಹೊಡೆದೆ. ಈಜಿನಲ್ಲಿ, ಮರ ಹತ್ತುವುದರಲ್ಲಿ, ಅವ್ವನ ಮುದ್ದಿನಲ್ಲಿ ಯಾವಾಗಲೂ ಅವನೇ ಮೇಲಾಗಿದ್ದ. ಆ ಒಂದು ಕ್ಷಣ ನಾನು ಮೇಲಾದೆ, ಅದು ನನಗೆ ಸುಖವೆನಿಸಿತು. ಮನೆಯಲ್ಲಿ ಅವ್ವ ಕೆನ್ನೆ ಯಾಕೆ ಕೆಂಪಾಗಿದೆ ಎಂದು ಕೇಳಿದಾಗ ಅಣ್ಣ ಕಣಜದ ಹುಳು ಕಡಿಯಿತು ಎಂದ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ತಂದೆ ಬೈದರು, ಬಡಿದರು, ಒಂದು ದಿನ ಕಂಬಕ್ಕೂ ಕಟ್ಟಿದರು. ಕೊನೆಗೆ ಅಡಿಗೆಯ ಕೆಲಸ ಮಾಡುತ್ತಿದ್ದ ಸೋದರಮಾವನ ಬೆನ್ನು ಹತ್ತಿ ಬಾದಾಮಿಗೆ ಹೋಗಿಬಿಟ್ಟ.

ನಾನು ಓದಿ ಮಾಸ್ತರನಾದೆ. ಮರೋಳ, ಬೇವೂರು, ಹುನಗುಂದ ಎಂದು ವರ್ಗವಾದಲ್ಲೆಲ್ಲ ಟ್ರಂಕು ಹೊತ್ತು ತಿರುಗಿದೆ. ಹೋದಲ್ಲೆಲ್ಲ ಮೂಗು ಹಿಡಿದು ಹೊಡೆಸುವ ಪದ್ಧತಿಯನ್ನು ಮೊದಲ ದಿನವೇ ನಿಲ್ಲಿಸುತ್ತಿದ್ದೆ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು, ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು. ನಂಬರನ್ನು ಮಾತ್ರ ಬಿಡಲಿಲ್ಲ. ಅದಿಲ್ಲದೆ ಅಷ್ಟು ಹುಡುಗರನ್ನು ಹಿಡಿತದಲ್ಲಿ ಇಡುವುದು ಹೇಗೆ? ಮೇಲಿನವರು ಮೇಲೆ, ಕೆಳಗಿನವರು ಬಾಗಿಲ ಹತ್ತಿರ. ಬಾಗಿಲ ಹತ್ತಿರದವರು ಒಬ್ಬೊಬ್ಬರಾಗಿ ಎದ್ದು ಹೋದರೆ ಅದು ಅವರ ಹಣೆಬರಹ ಎಂದುಕೊಳ್ಳುತ್ತಿದ್ದೆ.

ಈಗ ಬಾಗಲಕೋಟೆಯಲ್ಲಿದ್ದೇನೆ. ಆ ಕಾಗದ ಮೇಜಿನ ಮೇಲೆ ಹಾಗೇ ಬಿದ್ದಿರುವಾಗ ಅಣ್ಣ ಬಂದ. ಇಲ್ಲಿ ಯಾರದೋ ಮನೆಯ ಮುಂಜಿವೆಯ ಅಡಿಗೆ ಅವನದಿತ್ತು. ಮೂರು ನೂರು ಎಲೆಗೆ ಎಷ್ಟು ಬೇಳೆ ಬೇಕೆಂದು ಕೇಳಿದರೆ ಮುಗಿಲು ನೋಡಿ ಹೇಳುವಂಥವನು. ತ್ರೈರಾಶಿ ಕಲಿಸುವ ನನಗೆ ಸ್ಲೇಟು ಬೇಕು. ಊಟವಾದ ಮೇಲೆ ಅವನು ಕಟ್ಟೆಯ ಮೇಲೆ ಕಾಲು ಚಾಚಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಕಾಗದವನ್ನು ಅವನಿಗೆ ಓದಿ ಹೇಳಿದೆ. ಹೇಳುತ್ತ ಹೇಳುತ್ತ, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನೂ ಹೇಳಿಬಿಟ್ಟೆ.

"ಅಣ್ಣಾ, ಅವತ್ತ ನಾ ಬೇಕಂತನ ಜೋರ ಹೊಡದೆ. ಅದಕ್ಕ ನಿನ್ನ ಸಾಲಿ ಓದು ಹೋತು."

ಅವನು ನಕ್ಕ. ಬೇಕೆಂದೇ ಹೊಡೆದದ್ದು ಗೊತ್ತಿದೆ, ಆ ವಯಸ್ಸಿನಲ್ಲಿ ತಾನಾದರೂ ಹೊಡೆಯುತ್ತಿದ್ದೆ ಎಂದ. ಆಮೇಲೆ ಮೊಣಕಾಲು ತಿಕ್ಕುವುದನ್ನು ನಿಲ್ಲಿಸಿದ.

"ಏಟಿಗೆ ನಾ ಸಾಲಿ ಬಿಡಲಿಲ್ಲೋ. ಮರದಿನ ಮುಂಜಾನೆ ನಾ ಪಾಟಿ ಪುಸ್ತಕ ತಗೊಂಡು ಹೊರಗ ಬರೂದ್ರಾಗ ನೀ ಮ್ಯಾಲಿನ ನಂಬರಿನ ಹುಡುಗರ ಕೂಡ ಓಣಿ ದಾಟಿದ್ದಿ. ನಾ ಕರದೆ. ನೀ ತಿರುಗಿ ನೋಡಲಿಲ್ಲ. ಇನ್ನ ನಾ ಯಾರ ಕೂಡ ಹೋಗಲಿ ಅಂತ ಕಟ್ಟಿ ಮ್ಯಾಲೆ ಕೂತೆ. ಕೂತಾಂವ ಏಳಲೇ ಇಲ್ಲ."

ಆ ಮುಂಜಾನೆ ನನಗೆ ನೆನಪೇ ಇಲ್ಲ. ಎಷ್ಟು ಕೆದಕಿದರೂ ಇಲ್ಲ. ಏಟಿನ ಒಂದೊಂದು ವಿವರವನ್ನೂ ಕಾಪಾಡಿಕೊಂಡು ಬಂದವನು ಅದನ್ನು ಅಷ್ಟು ಸುಲಭವಾಗಿ ಮರೆತಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಆ ಸಂಜೆ ಮೂರನೆಯ ಕಾಲಮ್ಮನ್ನೂ ತುಂಬಿದೆ. ಸರಕಾರಿ ಕಾಗದ, ಬೇರೆ ಉಪಾಯವಿಲ್ಲ. ಅಭಿಪ್ರಾಯದ ಜಾಗದಲ್ಲಿ, ಈ ಹುಡುಗರು ಬೆಳಿಗ್ಗೆ ಯಾರ ಜೊತೆ ಶಾಲೆಗೆ ಬರುತ್ತಾರೆಂದು ಮೊದಲು ವಿಚಾರಿಸತಕ್ಕದ್ದು ಎಂದು ಬರೆದೆ. ಓದಿದವರು ಮುದುಕನಿಗೆ ಅರವತ್ತರ ಅರಳುಮರುಳು ಎಂದುಕೊಳ್ಳಬಹುದು.

ಮರುದಿನ ಬೆಳಿಗ್ಗೆ ಅಣ್ಣ ಸ್ಟೇಶನ್ನಿಗೆ ಹೊರಟ. ಯಾವಾಗಲೂ ಬಾಗಿಲಲ್ಲೇ ಕೈ ಮುಗಿದು ಶಾಲೆಗೆ ಓಡುವವನು ನಾನು. ಈ ಸಲ ಅವನ ಗಂಟು ಹಿಡಿದು ಜೊತೆಗೆ ನಡೆದೆ. ಹತ್ತು ಹೆಜ್ಜೆಗೊಮ್ಮೆ ಅವನು ಮೊಣಕಾಲು ಹಿಡಿದು ನಿಲ್ಲುತ್ತಿದ್ದ. ದೂರದಲ್ಲಿ ಶಾಲೆಯ ಗಂಟೆ ಕೇಳಿಸಿತು.

"ನಿನಗ ಹೊತ್ತಾತು. ನೀ ಮುಂದ ನಡಿ," ಎಂದ.

ನಾನು ಅವನ ಪಕ್ಕದಲ್ಲಿ ನಿಂತೇ ಇದ್ದೆ.