ಸುಪ್ರಜಾ ಬರೆದ ಮೂವತ್ತು ಸಾಲು

ಸುಪ್ರಜಾಗೆ ಕೋಪ ಮೂಗಿನ ತುದಿಯಲ್ಲೇ ಎಂದು ಶೇಷಾದ್ರಿಪುರದ ಆ ಕಾಲೇಜಿನಲ್ಲಿ ಹೇಳದವರಿಲ್ಲ. ಇಪ್ಪತ್ತೊಂದು ವರ್ಷ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು, ದೊಡ್ಡ ದೊಡ್ಡ ಪ್ರೊಫೆಸರುಗಳು ಮರೆತ ಪಾಸ್‌ವರ್ಡುಗಳನ್ನೆಲ್ಲ ಸರಿಮಾಡಿಕೊಟ್ಟವಳಿಗೆ ಕೋಪ ಬಾರದೆ ಇನ್ನೇನು ಬರಬೇಕಿತ್ತೋ! ಮಲ್ಲೇಶ್ವರಂನಿಂದ ನಡೆದು ಬಂದು ಎಂಟಕ್ಕೆಲ್ಲ ಬೀಗ ತೆಗೆಯುವವಳು ಅವಳೇ, ಸಂಜೆ ಹಾಕುವವಳೂ ಅವಳೇ, ಪ್ರಶ್ನೆಪತ್ರಿಕೆಗಳನ್ನು ಕಾಲೇಜಿನ ಸರ್ವರಿಗೆ ಏರಿಸುವವಳೂ ಅವಳೇ.

ಸೋಮವಾರದ ಪರೀಕ್ಷೆಯ ಪ್ರಶ್ನೆಪತ್ರಿಕೆ ಭಾನುವಾರವೇ ಮಕ್ಕಳ ಮೊಬೈಲುಗಳಲ್ಲಿ ಓಡಾಡಿತು. ವಿಭಾಗದ ಮುಖ್ಯಸ್ಥ ಪ್ರಸನ್ನ ಇಂಥದ್ದಕ್ಕೇ ಕಾಯುತ್ತಿದ್ದ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಲ್ಯಾಪ್‌ಟಾಪ್ ತಿರುಗಿಸಿದ.

“ನೋಡ್ರೀ, ಫೈಲ್ ನಿಮ್ ಹೆಸರಲ್ಲಿದೆ. ಬೇರೆ ಯಾರ್ ಹೆಸ್ರೂ ಇಲ್ಲ. ಗುರುವಾರ ಪ್ರಿನ್ಸಿಪಾಲ್ ಮುಂದೆ ಬನ್ನಿ. ಇಲ್ಲಾಂದ್ರೆ ಮರ್ಯಾದೆಯಾಗಿ ರಾಜೀನಾಮೆ ಕೊಟ್ಬಿಡಿ.”

ಪರದೆಯ ಮೇಲೆ ಫೈಲಿನ ವಿವರವಿದ್ದ ಸಾಲಿನಲ್ಲಿ ಒಂದು ಪ್ಲಸ್ ಗುರುತಿತ್ತು. ಫೈಲಿನ ಮಾಲೀಕರಲ್ಲದೆ ಇನ್ಯಾರಿಗೋ ಪ್ರತ್ಯೇಕ ಅನುಮತಿ ಇದೆ ಎಂಬುದರ ಗುರುತು ಅದು. ಗೋಡೆ ತುಂಬ ಸರ್ಟಿಫಿಕೇಟು ನೇತುಹಾಕಿಕೊಂಡ ಮನುಷ್ಯನ ಕಣ್ಣಿಗೆ ಅದು ಬೀಳಲೇ ಇಲ್ಲ. ಆ ಅನುಮತಿ ಪಟ್ಟಿಯನ್ನು ಓದಿ ತೋರಿಸುವ ಟೂಲ್ ಸರ್ವರಿನಲ್ಲಿರಲಿಲ್ಲ. ಹಾಕುತ್ತೇನೆಂದರೆ ಪ್ರಸನ್ನ, “ತನಿಖೆ ಮುಗಿಯೋವರ್ಗೂ ಏನೂ ಹಾಕೋ ಹಾಗಿಲ್ಲ” ಎಂದ. ಮಕ್ಕಳಿಗೆ ಕಲಿಸಲು ಅವಳೇ ಹಾಕಿದ್ದ, ಬರೆದ ಪ್ರೋಗ್ರಾಂ ಓಡುವಂತೆ ಮಾಡುವ ಸಿ ಕಂಪೈಲರ್ ಮಾತ್ರ ಇತ್ತು.

ಸುಪ್ರಜಾ ಹಲ್ಲು ಕಚ್ಚಿ ಕೂತು ಮೂವತ್ತು ಸಾಲಿನ ಪ್ರೋಗ್ರಾಂ ಬರೆದಳು. ಫೈಲಿನ ಅನುಮತಿ ಪಟ್ಟಿ ತೆರೆಯುವುದು, ಒಂದು ನಮೂದು ತೆಗೆದು ಅದು ಯಾರದ್ದು, ಓದಲು ಬಿಟ್ಟಿದೆಯೇ, ಬರೆಯಲು ಬಿಟ್ಟಿದೆಯೇ ಎಂದು ತೋರಿಸುವುದು, ಮುಂದಿನದಕ್ಕೆ ಹೋಗುವುದು. ತನ್ನದೇ ಒಂದು ಫೈಲಿನ ಮೇಲೆ ಓಡಿಸಿ ನೋಡಿದಳು. ಪ್ರಶ್ನೆಪತ್ರಿಕೆಯನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದರೆ ನೀವೇ ತಿದ್ದಿದ್ದೀರಿ ಎನ್ನುವ ಜನ. ಪ್ರಸನ್ನನ ಹೆಸರು ಎಲ್ಲರೆದುರೇ ಪರದೆಯ ಮೇಲೆ ಬೀಳಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ.

ಗುರುವಾರ ಪ್ರಿನ್ಸಿಪಾಲ್ ಆಂಡಾಳ್ ಅವರ ಕೋಣೆಯಲ್ಲಿ ಪ್ರೋಗ್ರಾಂ ಓಡಿತು. ಮೊದಲು ಅವಳದೇ ಹೆಸರು. ಅದರ ಕೆಳಗೆ: ಗೌರೀಶ್, 1042, ಓದಬಹುದು.

ಗೌರೀಶ್ ಜುಲೈನಲ್ಲಿ ಸೇರಿದ ಲೆಕ್ಚರರು. ಹನುಮಂತನಗರದಲ್ಲಿ ಟ್ಯೂಷನ್ ನಡೆಸುತ್ತಿದ್ದ. ಪ್ರಸನ್ನನ ಪಕ್ಕದಲ್ಲೇ ಕೂತಿದ್ದವನು ಬೆವರತೊಡಗಿದ.

“ಫೈಲ್ ಓಪನ್ ಆಯ್ತು ಮೇಡಂ, ನಮ್ ಟ್ಯೂಷನ್ ಹುಡುಗ್ರಿಗೆ ಕಳಿಸ್ಬಿಟ್ಟೆ. ಪರ್ಮಿಶನ್ ಕೊಟ್ಟೋರ್ಯಾರು, ಅವ್ರನ್ನ ಕೇಳಿ!”

ಕಳ್ಳ ನನ್ನಮಗ ಎಂದುಕೊಂಡಳು ಸುಪ್ರಜಾ. ಬಾಯಿಗೆ ಬಂದಂತೆ ಬೈಯಲು ಹೊರಟವಳ ಕಣ್ಣು ಆ 1042ರ ಮೇಲೆ ನಿಂತಿತು. ಅದು ಸರ್ವರಿನಲ್ಲಿ ಮೊದಲು ರಾಮಸ್ವಾಮಿ ಮೇಷ್ಟ್ರಿಗಿದ್ದ ನಂಬರು. ಅವರು ಪ್ರಶ್ನೆಪತ್ರಿಕೆ ಪರಿಶೀಲಿಸುತ್ತಿದ್ದ ಕಾಲದಲ್ಲಿ ಇಡೀ ಫೋಲ್ಡರಿಗೆ ಅವಳೇ ಅನುಮತಿ ಕೊಟ್ಟಿದ್ದಳು. ಅಲ್ಲಿ ಹುಟ್ಟುವ ಪ್ರತಿ ಹೊಸ ಫೈಲಿಗೂ ಅದು ತಾನಾಗಿ ಬರುತ್ತದೆ. ಮೇ ತಿಂಗಳಲ್ಲಿ ಮೇಷ್ಟ್ರು ನಿವೃತ್ತರಾದಾಗ ಸರ್ವರಿನಿಂದ ಅವರ ಹೆಸರು ಅಳಿಸಿದ್ದಳು, ಅನುಮತಿ ಪಟ್ಟಿಯನ್ನು ನೋಡಿರಲಿಲ್ಲ. ಪಟ್ಟಿ ಇಟ್ಟುಕೊಳ್ಳುವುದು ಹೆಸರನ್ನಲ್ಲ, ನಂಬರನ್ನು. ಆ ನಂಬರನ್ನು ಗೌರೀಶನಿಗೆ ಕೊಟ್ಟವಳೂ ಅವಳೇ. ರಿಜಿಸ್ಟರಿನಲ್ಲಿ ಒಂದು ಖಾಲಿ ಸಾಲು ಕಂಡರೂ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಹೋದವರ ನಂಬರನ್ನು ಬಂದವರಿಗೆ ಕೊಟ್ಟು ಅದನ್ನೇ ಅಚ್ಚುಕಟ್ಟು ಎಂದು ಬೀಗುತ್ತಿದ್ದಳು.

ಕೋಣೆಯಲ್ಲಿ ಇನ್ಯಾರಿಗೂ ಇದು ಹೊಳೆಯುವಂತಿರಲಿಲ್ಲ. ಪ್ರಸನ್ನನಂತೂ ಆಗಲೇ ಕುರ್ಚಿಯನ್ನು ಗೌರೀಶನಿಂದ ಒಂದು ಮೊಳ ದೂರ ಎಳೆದುಕೊಂಡಿದ್ದ.

ಆಂಡಾಳ್ ಪೆನ್ನು ತೆಗೆದರು. “ಸುಪ್ರಜಾ, ನಿಮ್ದೇನೂ ತಪ್ಪಿಲ್ಲ ಅಂತ ಬರೀಲಾ?”

ಹೂಂ ಎಂದಿದ್ದರೆ ಸಾಕಿತ್ತು. ಅವಳಿಗೆ ಮೈಯೆಲ್ಲ ಉರಿಯಿತು, ಅವರೆಲ್ಲರ ಮೇಲೆ, ಅದಕ್ಕಿಂತ ಹೆಚ್ಚು ತನ್ನ ಮೇಲೆ.

“ಬರೀಬೇಡಿ ಮೇಡಂ. ಹಳೇ ನಂಬರ್ ಇವ್ನಿಗೆ ಕೊಟ್ಟು ಬಾಗ್ಲು ತೆಗೆದಿಟ್ಟೋಳು ನಾನು. ಕದ್ದೋನು ಇವ್ನು. ಇಬ್ರ ಹೆಸ್ರೂ ಬರ್ಕೊಳ್ಳಿ.”

“ನಾನ್ ಆವತ್ತೇ ಹೇಳ್ಲಿಲ್ವಾ!” ಎಂದು ಪ್ರಸನ್ನ ಮುಖವರಳಿಸಿದ.

ಆಂಡಾಳ್ ಬರೆದುಕೊಂಡರು. ಮೊದಲು ಸುಪ್ರಜಾಳ ಹೆಸರು.