ಉಚ್ಚಂಗಮ್ಮ ನೋಡದೆ ಬಿಟ್ಟ ಚೀಲ

ಕಡೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟ್ಯೂಷನ್ ಸೆಂಟರಿನ ಜಗಲಿಯಲ್ಲಿ ಆಯಾ ಉಚ್ಚಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಹಿಡಿದಿದ್ದಾರೆ. ಆರಕ್ಕೆ ಮಕ್ಕಳು ಬಂದುಬಿಡುತ್ತಾರೆ. ಅಷ್ಟರೊಳಗೆ ನಾಲ್ಕು ಕೋಣೆ ಗುಡಿಸಿ, ಒರೆಸಿ, ಎಂಟು ಕೊಡ ನೀರು ತುಂಬಬೇಕು. ಹನ್ನೊಂದು ವರ್ಷದಿಂದ ಇದೇ ಕೆಲಸ. ಐವತ್ತೆಂಟರ ಮಂಡಿ ಈಗೀಗ ಹೇಳಿದ ಮಾತು ಕೇಳುವುದಿಲ್ಲ.

ಅರವತ್ತು ಮಕ್ಕಳ ಚೀಲಗಳು ಈ ಜಗಲಿಯಲ್ಲೇ ಸಾಲಾಗಿ ಕೂರುತ್ತವೆ. ಅವುಗಳ ಕಾವಲೂ ಇವರದೇ. ಎರಡು ವರ್ಷದ ಹಿಂದೆ ಅವುಗಳಿಂದ ಪೆನ್ನು, ವಾಚು, ಕ್ಯಾಲ್ಕುಲೇಟರ್ ಒಂದೊಂದಾಗಿ ಮಾಯವಾಗತೊಡಗಿದವು. ಸೆಂಟರ್ ನಡೆಸುವ ಮಲ್ಲಿಕಾರ್ಜುನ ಮೇಷ್ಟ್ರು "ಚೀಲ ನೋಡು" ಎಂದರು. ಉಚ್ಚಂಗಮ್ಮ ಸೀದಾ ಹೋಗಿ ಕೈ ಹಾಕಿದ್ದು ಹಿರೇನಲ್ಲೂರಿನಿಂದ ಬಸ್ಸಿಗೆ ಬರುತ್ತಿದ್ದ ಅಶ್ವಿನಿಯ ಚೀಲಕ್ಕೆ. ಎಲ್ಲರೆದುರು ಕೊಡವಿದರು. ಪುಸ್ತಕ, ಬುತ್ತಿ ಬಿಟ್ಟರೆ ಏನೂ ಬೀಳಲಿಲ್ಲ. ಆದರೂ ಮಕ್ಕಳ ಬಾಯಲ್ಲಿ ಅವಳೇ ಕಳ್ಳಿ. ವಾರದೊಳಗೆ ಹುಡುಗಿ ಟ್ಯೂಷನ್ ಬಿಟ್ಟಳು.

"ನಾನೂ ಕೂಲಿ ಮಾಡೋರ ಮಗ್ಳೇ ಸಾರ್. ಆದ್ರೂ ಹರಿದ್ ಚೀಲಾನೇ ಕಣ್ಣಿಗ್ ಬಿತ್ತು ನೋಡಿ. ನನ್ ಕೈ ಮುರ್ದೋಗ," ಎಂದು ಪತ್ರಿಕೆಗಾಗಿ ಮಾತಾಡಿಸಿದಾಗ ಉಚ್ಚಂಗಮ್ಮ ಹೇಳುತ್ತಾರೆ.

ತಿಂಗಳ ಮೇಲೆ, ಮಳೆ ಎರಚಲು ಹೊಡೆಯುತ್ತದೆಂದು ಚೀಲಗಳನ್ನು ಒಳಗೆ ಸರಿಸುವಾಗ, ಒಂದರಿಂದ ಕಳೆದದ್ದೆಲ್ಲ ಸುರಿಯಿತು. ಒಂದನ್ನೂ ಬಳಸಿರಲಿಲ್ಲ. ಅದು ಈರುಳ್ಳಿ ಮಂಡಿ ಸಾಹುಕಾರರ ಮಗಳ ಚೀಲ. ಅಂಥ ಮನೆಯ ಹುಡುಗಿಯ ಮೇಲೆ ಅನುಮಾನ ಪಡುವುದುಂಟೇ ಎಂದು ಇವರು ಅದನ್ನು ಮುಟ್ಟಿಯೇ ಇರಲಿಲ್ಲ.

"ನಿಮ್ಮನೇಲಿ ಏನ್ ಕಮ್ಮಿಯಾಗೈತವ್ವಾ?" ಎಂದು ಕೇಳಿದ್ದಕ್ಕೆ ಹುಡುಗಿ ಅತ್ತಳಂತೆ.

"ಏನೂ ಕಮ್ಮಿ ಇಲ್ಲ ಆಯಾ. ತಗೊಳ್ಳುವಾಗ ಎದೆ ಹೊಡ್ಕೊಳ್ಳುತ್ತೆ. ಮಿಕ್ಕಿದ್ ಹೊತ್ತು ಏನೂ ಅನ್ಸೋದೇ ಇಲ್ಲ. ಯಾರಾದ್ರೂ ಹಿಡೀತಾರೇನೋ ಅಂತ ನೋಡ್ತಿದ್ದೆ. ಯಾರೂ ಹಿಡೀಲಿಲ್ಲ."

ಉಚ್ಚಂಗಮ್ಮ ಅವಳನ್ನು ಬೈಯದೆ ಮೇಷ್ಟ್ರಿಗೆ ತಿಳಿಸಿದರು. ಮನೆಯವರು ಬಂದು, ಕೈಮುಗಿದು, ವಿಷಯ ಹೊರಗೆ ಬಾರದಂತೆ ಮಾತಾಡಿಕೊಂಡು ಹೋದರು. ಅಶ್ವಿನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. "ಮುಗಿದ ಕತೆ, ಬಿಡು" ಎಂದರು ಮೇಷ್ಟ್ರು. ಅಯ್ಯೋ, ಯಾರಿಗೆ ಮುಗಿಯಿತು?

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಅಶ್ವಿನಿ ಎದುರಾದಳು. ಇವರು ಬಾಯಿ ತೆರೆಯುವ ಮೊದಲೇ ಹುಡುಗಿ ಹೆಗಲಿನ ಚೀಲ ಇಳಿಸಿ, ಜಿಪ್ ತೆಗೆದು, ಮುಂದೆ ಹಿಡಿದಳು. ತಪ್ಪಾಯ್ತು ಎನ್ನುವಷ್ಟರಲ್ಲಿ ಬಸ್ಸು ಬಂತು, ಅವಳು ಹತ್ತಿಹೋದಳು.

ಫೋಟೊ ತೆಗೆಯಲು ಹೋದರೆ ಉಚ್ಚಂಗಮ್ಮ ಮುಖಕ್ಕೆ ಸೆರಗು ಅಡ್ಡ ಹಿಡಿಯುತ್ತಾರೆ. "ಕಸ ಗುಡ್ಸೋಳ್ದು ಏನ್ ಬರೀತೀರಿ ಸಾರ್. ಅಶ್ವಿನಿ ಕದ್ದಿರ್ಲಿಲ್ಲ ಅಂತ ಹೆಸ್ರು ಹಾಕಿ ಬರೀರಿ. ಅವ್ರೂರಿಗೂ ನಿಮ್ ಪೇಪರ್ ಹೋಗ್ತದಲ್ಲ?"